ಅಕ್ವೇರಿಯಂ ಗಿಡ ಹಳದಿಯಾಗಿ ಕರಗುತ್ತಿದೆಯೇ? ಮೈಸೂರು, ಮಂಡ್ಯದ ನೀರಿಗೆ ತಕ್ಕ ದೋಷ ನಿವಾರಣೆ ಕೈಪಿಡಿ

ಮೀನೆಲ್ಲ ಚುರುಕಾಗಿವೆ, ಗಿಡ ಮಾತ್ರ ವಾರದಿಂದ ವಾರಕ್ಕೆ ಸೊರಗುತ್ತಿದೆ. ಒಂದರ ಎಲೆಯಲ್ಲಿ ತೂತು, ಇನ್ನೊಂದರ ಕುಡಿ ಬಿಳಿಚಿಕೊಂಡಿದೆ, ಮತ್ತೊಂದು ಬುಡದಲ್ಲೇ ಕೊಳೆತು ತೇಲಿಬಂದಿದೆ. ಫೋಟೊ ಹಿಡಿದು ಅಂಗಡಿಗೆ ಹೋದರೆ ಒಂದು ಬಾಟಲಿ ದ್ರವ ಗೊಬ್ಬರ ಕೈಗೆ ಬರುತ್ತದೆ. ಅದನ್ನು ಸುರಿದರೆ ಗಿಡ ಬೆಳೆಯುವುದಿಲ್ಲ, ಪಾಚಿ ಬೆಳೆಯುತ್ತದೆ. ನಮ್ಮ ಕಡೆಯ ತೊಟ್ಟಿಗಳಲ್ಲಿ ಬರೀ ಗೊಬ್ಬರದ ಕೊರತೆ ನಾನು ಕಂಡಿದ್ದು ಕಡಿಮೆ. ತುಂಬಿಸಿದ ನೀರು ಯಾವುದು, ಲೈಟು ಎಷ್ಟು ಹೊತ್ತು ಉರಿಯುತ್ತದೆ, ಕೊಂಡು ತಂದ ಗಿಡ ನಿಜಕ್ಕೂ ನೀರಿನೊಳಗೆ ಬದುಕುವಂಥದ್ದೇ, ಈ ಮೂರು ಪ್ರಶ್ನೆಗಳಲ್ಲೇ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ. ಹಾಗಾಗಿ ಗೊಬ್ಬರದ ವಿಚಾರವನ್ನು ಬೇಕೆಂದೇ ಹಿಂದಕ್ಕೆ ತಳ್ಳಿದ್ದೇನೆ.

ಶುರುಮಾಡುವ ಮುಂಚೆ ಎರಡು ಮಾತು. ಹಾಳಾದ ಎಲೆ ಮತ್ತೆ ಸರಿಹೋಗುವುದಿಲ್ಲ. ಬಿದ್ದ ತೂತು ಮುಚ್ಚಿಕೊಳ್ಳದು, ತಿರುಚಿದ ಕುಡಿ ನೆಟ್ಟಗಾಗದು. ಅಂಥದ್ದನ್ನು ಕತ್ತರಿಸಿ ತೆಗೆಯಿರಿ. ಮಾಡಿದ ಉಪಾಯ ನಾಟಿತೋ ಇಲ್ಲವೋ ಅನ್ನುವುದನ್ನು ಆಮೇಲೆ ಬಂದ ಎಲೆ ನೋಡಿಯೇ ಹೇಳಬೇಕು. ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ ಮೇಲೆ ಎರಡು ವಾರ ಕೈಕಟ್ಟಿ ಕೂರಬೇಕು. ಲೈಟು, ನೀರು, ಗೊಬ್ಬರ ಮೂರನ್ನೂ ಒಂದೇ ಭಾನುವಾರ ಬದಲಿಸಿದರೆ ಗಿಡ ಚೇತರಿಸಿಕೊಂಡರೂ ಯಾತರಿಂದ ಚೇತರಿಸಿಕೊಂಡಿತು ಅಂತ ತಿಳಿಯುವುದಿಲ್ಲ.

ಗಿಡ ನೀರಿನದ್ದೇನಾ? ನೆಟ್ಟಿದ್ದು ಸರಿಯಿದ್ಯಾ?

ಲಕ್ಕಿ ಬ್ಯಾಂಬೂ, ಸಿಂಗೋನಿಯಂ, ನೇರಳೆ ಎಲೆಯ ಹೆಮಿಗ್ರಾಫಿಸ್, ಬಿಳಿ ಗೆರೆಯ ಡ್ರಸೀನಾ ಇವನ್ನೆಲ್ಲ ಅಕ್ವೇರಿಯಂ ಗಿಡವೆಂದೇ ಮಾರುತ್ತಾರೆ. ಇವು ಮಣ್ಣಿನ ಗಿಡಗಳು. ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಒಂದೆರಡು ತಿಂಗಳು ಹಸಿರಾಗಿಯೇ ನಿಂತು, ಹೊಸ ಎಲೆ ಒಂದೂ ಬಿಡದೆ, ಬುಡದಿಂದ ಮೆತ್ತಗಾಗುತ್ತವೆ. ಅಲ್ಲಿ ಹುಡುಕಬೇಕಾದ ದೋಷವೇ ಇಲ್ಲ, ಗಿಡ ತೆಗೆದು ಕುಂಡಕ್ಕೆ ಹಾಕಿದರೆ ಮುಗಿಯಿತು. ಲಕ್ಕಿ ಬ್ಯಾಂಬೂ ಅಥವಾ ಮನಿಪ್ಲಾಂಟನ್ನು ಬೇರು ಮಾತ್ರ ನೀರಿಗೆ ಇಳಿಬಿಟ್ಟು ಎಲೆ ಹೊರಗಿರುವಂತೆ ಇಟ್ಟರೆ ಚೆನ್ನಾಗಿ ಬದುಕುತ್ತವೆ, ಮೀನಿನ ಕಸದಿಂದ ಬರುವ ನೈಟ್ರೇಟನ್ನೂ ಹೀರಿಕೊಳ್ಳುತ್ತವೆ.

ನಿಜವಾದ ನೀರುಗಿಡವೇ ತಂದ ವಾರದಲ್ಲಿ ಕರಗಿದರೆ ಗಾಬರಿ ಬೇಡ. ನರ್ಸರಿಗಳು ಬಹಳಷ್ಟು ಗಿಡಗಳನ್ನು ಬೇರು ಮಾತ್ರ ಒದ್ದೆಯಿರುವಂತೆ ಗಾಳಿಯಲ್ಲಿ ಬೆಳೆಸುತ್ತವೆ. ಗಾಳಿಯಲ್ಲಿ ಬಂದ ದಪ್ಪ ಎಲೆ ನೀರಿನೊಳಗೆ ಕೆಲಸಕ್ಕೆ ಬಾರದು. ಗಿಡ ಅದನ್ನು ಕೈಬಿಟ್ಟು, ತೆಳ್ಳಗಿನ ಬೇರೆ ಎಲೆ ಹೊರಡಿಸುತ್ತದೆ. ಇದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಕ್ರಿಪ್ಟೊಕೋರಿನ್ ಅಂತೂ ಜಾಗ ಬದಲಿಸಿದರೂ ಸಾಕು, ಇದ್ದ ಎಲೆಯನ್ನೆಲ್ಲ ಲೋಳೆ ಮಾಡಿಬಿಡುತ್ತದೆ. ಲೋಳೆಯನ್ನು ತೆಗೆದುಹಾಕಿ, ಬೇರನ್ನು ಮಾತ್ರ ಕೀಳಬೇಡಿ. ಸತ್ತಿತೆಂದು ಕಿತ್ತೆಸೆದ ಕ್ರಿಪ್ಟೊಗಳಲ್ಲಿ ಹೆಚ್ಚಿನವು ಬದುಕಿದ್ದಂಥವೇ.

ಅನೂಬಿಯಾಸ್, ಜಾವಾ ಫರ್ನ್ ವಿಷಯ ಬೇರೆ. ಇವುಗಳ ಶುಂಠಿಯಂಥ ಅಡ್ಡಗಡ್ಡೆಯನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಎಲೆಗಳು ಹಸಿರಾಗಿರುವಾಗಲೇ ತೊಟ್ಟಿನಲ್ಲಿ ಕಳಚಿ ಒಂದೊಂದಾಗಿ ತೇಲುತ್ತಿದ್ದರೆ ಗಡ್ಡೆಯನ್ನು ಹೊರತೆಗೆದು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಹಸಿರಾಗಿದ್ದರೆ ಸರಿ. ಉಗುರು ಒಳಗಿಳಿದು ಕೆಟ್ಟ ವಾಸನೆ ಬಂದರೆ ಗಟ್ಟಿ ಭಾಗ ಸಿಗುವವರೆಗೂ ಬ್ಲೇಡಿನಲ್ಲಿ ಕತ್ತರಿಸಿ, ಉಳಿದದ್ದನ್ನು ಕಲ್ಲಿಗೋ ಮರದ ತುಂಡಿಗೋ ಹೊಲಿಗೆ ದಾರದಲ್ಲಿ ಕಟ್ಟಿ. ಜಾವಾ ಫರ್ನ್ ಎಲೆಯ ಹಿಂಬದಿಯಲ್ಲಿ ಸಾಲಾಗಿ ಕಾಣುವ ಕಂದು ಚುಕ್ಕೆಗಳು ರೋಗವಲ್ಲ, ಅದರ ಬೀಜಕಣಗಳು. ಅದಕ್ಕೆ ಔಷಧಿ ಹಾಕಿದವರೂ ಇದ್ದಾರೆ.

ಹಳೆ ಎಲೆಯೋ, ಹೊಸ ಎಲೆಯೋ

ಗಿಡ ನೀರಿನದ್ದೇ, ನೆಟ್ಟಿದ್ದೂ ಸರಿ, ಬಂದು ತಿಂಗಳೂ ಕಳೆಯಿತು, ಆದರೂ ಸೊರಗುತ್ತಿದೆ ಅಂದರೆ ಮೊದಲು ನೋಡಬೇಕಾದ್ದು ಯಾವ ಎಲೆ ಕೆಟ್ಟಿದೆ ಎಂಬುದನ್ನು. ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅವನ್ನು ಹಳೆ ಎಲೆಯಿಂದ ಕಿತ್ತು ಕುಡಿಗೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಸಾಯುತ್ತದೆ, ಕುಡಿ ಚೆನ್ನಾಗಿರುತ್ತದೆ. ಕಬ್ಬಿಣ, ಸುಣ್ಣ (ಕ್ಯಾಲ್ಸಿಯಂ), ಬೋರಾನ್ ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ. ಅವು ಸಾಲದಿದ್ದರೆ ಹಳೆ ಎಲೆ ಹಸಿರಾಗಿಯೇ ಇದ್ದು ಹೊಸದು ಕೆಡುತ್ತದೆ. ಭತ್ತ, ಕಬ್ಬಿನ ಗದ್ದೆ ನೋಡಿಕೊಂಡು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಲಕ್ಷಣ ಅದೇ.

ಹಳೆ ಎಲೆ ಇಡಿಯಾಗಿ ಹಳದಿಯಾಗಿ, ಗಾಜಿನ ಹಾಗೆ ಪಾರದರ್ಶಕವಾಗಿ ಉದುರಿದರೆ ಸಾರಜನಕದ ಕೊರತೆ. ಹಳೆ ಎಲೆಯಲ್ಲಿ ಮೊದಲು ಗುಂಡುಸೂಜಿ ಚುಚ್ಚಿದಷ್ಟು ಕಪ್ಪು ಚುಕ್ಕೆ, ಆಮೇಲೆ ಅದೇ ಜಾಗದಲ್ಲಿ ಹಳದಿ ಅಂಚಿನ ತೂತು ಬಂದರೆ ಪೊಟ್ಯಾಶ್. ಹೈಗ್ರೊಫಿಲಾ ಈ ಲಕ್ಷಣವನ್ನು ಎಲ್ಲಕ್ಕಿಂತ ಮೊದಲು ತೋರಿಸುತ್ತದೆ. ಹಳೆ ಎಲೆಯ ನರ ಹಸಿರಾಗಿದ್ದು ನಡುವಿನ ಭಾಗ ಬಿಳಿಚಿದರೆ ಮೆಗ್ನೀಸಿಯಂ. ಅದೇ ಲಕ್ಷಣ ಕುಡಿಯಲ್ಲಿ ಕಂಡರೆ ಕಬ್ಬಿಣ. ಕುಡಿ ಗಿಡ್ಡವಾಗಿ, ಎಲೆ ಸುರುಟಿಕೊಂಡು ಬಂದರೆ ಸುಣ್ಣದ ಕೊರತೆ ಇರಬಹುದು, ಇಂಗಾಲದ ಡೈಆಕ್ಸೈಡ್ ಏರುಪೇರೂ ಇರಬಹುದು.

ತೂತು ಕಂಡ ಕೂಡಲೇ ಪೊಟ್ಯಾಶ್ ಅನ್ನಬೇಡಿ. ಅಂಚು ಹಳದಿಯಿಲ್ಲದೆ, ಕತ್ತರಿಸಿದಂತೆ ಸ್ವಚ್ಛವಾಗಿ ಎಲೆ ಮಾಯವಾಗಿದ್ದರೆ ಅದು ಯಾರೋ ತಿಂದದ್ದು. ಗೋಲ್ಡ್‌ಫಿಶ್, ಸಿಲ್ವರ್ ಡಾಲರ್, ಟಿನ್‌ಫಾಯಿಲ್ ಬಾರ್ಬ್ ಮೆತ್ತನೆ ಗಿಡವನ್ನು ಸೊಪ್ಪಿನ ಥರ ಮೇಯುತ್ತವೆ. ಸಣ್ಣ ಬಸವನಹುಳುಗಳ ಮೇಲೆ ಸುಮ್ಮನೆ ಆರೋಪ. ಹೆಚ್ಚಿನವು ಕೊಳೆತ ಎಲೆಯನ್ನಷ್ಟೇ ತಿನ್ನುತ್ತವೆ, ದೊಡ್ಡ ಆ್ಯಪಲ್ ಜಾತಿಯವು ಮಾತ್ರ ಆರೋಗ್ಯದ ಗಿಡಕ್ಕೂ ಬಾಯಿ ಹಾಕುತ್ತವೆ.

ತೇಲುವ ಗಿಡದಿಂದ ಪರೀಕ್ಷೆ

ಟೆಸ್ಟ್ ಕಿಟ್ ಕೊಳ್ಳುವ ಮೊದಲು ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಇದು. ಒಂದು ಅಂಗೈಯಗಲ ಅಂತರಗಂಗೆ ಅಥವಾ ಸಾಲ್ವಿನಿಯಾ ತಂದು ತೊಟ್ಟಿಯ ಮೂಲೆಯಲ್ಲಿ ತೇಲಿಬಿಡಿ. ಅದರ ಎಲೆ ಗಾಳಿಯಲ್ಲಿರುವುದರಿಂದ ಇಂಗಾಲಕ್ಕೆ ಕೊರತೆಯಿಲ್ಲ, ಲೈಟಿಗೂ ಹತ್ತಿರ. ಅದು ನೀರಿನಿಂದ ಪಡೆಯುವುದು ಗೊಬ್ಬರವನ್ನಷ್ಟೇ.

ಎರಡು ವಾರದ ನಂತರ ತೇಲುವ ಗಿಡ ಕಡುಹಸಿರಾಗಿ ಮರಿ ಹಾಕುತ್ತಿದ್ದು ಮುಳುಗಿದ ಗಿಡ ಮಾತ್ರ ಸೊರಗುತ್ತಿದ್ದರೆ, ನೀರಿನಲ್ಲಿ ಗೊಬ್ಬರ ಸಾಕಷ್ಟಿದೆ. ಇನ್ನಷ್ಟು ಸುರಿಯುವುದು ಪಾಚಿಗೆ ಊಟ ಹಾಕಿದಂತೆ. ದೋಷ ಬೆಳಕಿನಲ್ಲೋ ಇಂಗಾಲದಲ್ಲೋ ಇದೆ. ತೇಲುವ ಗಿಡವೂ ಹಳದಿಯಾಗಿ ಬೇರು ಮಾತ್ರ ಉದ್ದ ಬಿಡುತ್ತಿದ್ದರೆ ಆಗ ನೀರಿನಲ್ಲೇ ಕೊರತೆ, ಗೊಬ್ಬರದ ಭಾಗ ಓದಿ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಬಿಡಿ ಅಥವಾ ಕಾಲುಭಾಗಕ್ಕಿಂತ ಹೆಚ್ಚು ಹರಡಲು ಬಿಡಬೇಡಿ, ಇಲ್ಲದಿದ್ದರೆ ಕೆಳಗಿನ ಗಿಡಕ್ಕೆ ಬೆಳಕೇ ಇಳಿಯುವುದಿಲ್ಲ.

ಯಾವ ನೀರು ತುಂಬಿಸಿದ್ದೀರಿ

ಮೈಸೂರಿನ ನಲ್ಲಿಗೆ ಬರುವುದು ಹೊಂಗಳ್ಳಿ, ಬೆಳಗೊಳ, ಬಿದರಗೂಡು ಕಡೆಯ ಸ್ಥಾವರಗಳಿಂದ ಶುದ್ಧೀಕರಿಸಿ ಕಳಿಸುವ ಕಾವೇರಿ, ಕಬಿನಿ ನೀರು. ಹೊಳೆಯ ನೀರಾದ್ದರಿಂದ ಬೋರ್‌ವೆಲ್ ನೀರಿನಷ್ಟು ಗಡಸಲ್ಲ. ಹೆಚ್ಚಿನ ಗಿಡಗಳಿಗೆ ಇದು ಹೊಂದುತ್ತದೆ. ಕ್ಲೋರಿನ್ ಹೋಗಲು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಸಾಕು, ಆತುರವಿದ್ದರೆ ಆ್ಯಂಟಿ ಕ್ಲೋರಿನ್ ಹನಿ ಹಾಕಿ.

ತೊಡಕು ಇರುವುದು ಹೊರವಲಯದ ಬಡಾವಣೆಗಳಲ್ಲಿ ಮತ್ತು ಮಂಡ್ಯ ಕಡೆಯ ಬೋರ್ ಮನೆಗಳಲ್ಲಿ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ, ಸೋಲಾರ್ ಪೈಪಿನಲ್ಲಿ ಸುಣ್ಣ, ಸೋಪು ಎಷ್ಟು ಉಜ್ಜಿದರೂ ನೊರೆಯಿಲ್ಲ ಅಂದರೆ ನಿಮ್ಮದು ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿ ಹಾಕಿದೆ, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಅಕ್ವೇರಿಯಂ ಕಿಟ್‌ಗಳ ಲೆಕ್ಕದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 18 ಮಿಲಿಗ್ರಾಂ. ಹಾಗಾಗಿ 200 ಅಂದರೆ 11 ಡಿಗ್ರಿ, 600 ಅಂದರೆ 33. ಹೆಚ್ಚಿನ ಗಿಡಗಳು 4ರಿಂದ 10 ಡಿಗ್ರಿಯಲ್ಲಿ ಸುಖವಾಗಿರುತ್ತವೆ. ಟಿಡಿಎಸ್ ಮೀಟರ್ ತೋರಿಸುವುದು ಎಲ್ಲ ಲವಣಗಳ ಒಟ್ಟು ಅಂದಾಜನ್ನು, ಗಡಸುತನವನ್ನಲ್ಲ, ಆದರೂ ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಹಿಡಿಯಲು ಉಪಯೋಗಕ್ಕೆ ಬರುತ್ತದೆ. ನಲ್ಲಿ ನೀರು, ಟ್ಯಾಂಕರ್ ನೀರು ಎರಡೂ ಒಂದೇ ಸಂಪಿಗೆ ಬೀಳುವ ಮನೆಯಲ್ಲಿ ವಾರವಾರಕ್ಕೂ ನೀರು ಬೇರೆಯಾಗುತ್ತದೆ. ಅಲ್ಲಿ ಮೀಟರ್ ಬೇಕೇ ಬೇಕು.

ಬೋರ್ ನೀರಿನ ತೊಟ್ಟಿಯಲ್ಲಿ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಎಲೆಯ ಮೇಲೆ ಬೂದುಬಿಳಿ ಪದರ ಕೂರುತ್ತದೆ. ಶಿಲೀಂಧ್ರ ಅಂತ ಕೆಲವರು ಮೆಥಿಲೀನ್ ಬ್ಲೂ ಹಾಕುತ್ತಾರೆ. ಎಲೆಯೊಂದನ್ನು ಕಿತ್ತು ಹೆಬ್ಬೆರಳು, ತೋರುಬೆರಳ ನಡುವೆ ಎಳೆದು ನೋಡಿ. ಗರಗರ ಅಂದರೆ ಅದು ಸುಣ್ಣ. ಒಂದು ಹನಿ ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆ ಎದ್ದು ಕರಗುತ್ತದೆ. ಈ ಗಿಡಗಳು ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸಾಲದಾದಾಗ ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳುತ್ತವೆ, ಆಗ ಸುಣ್ಣ ಎಲೆಯ ಮೇಲೆ ಉಳಿಯುತ್ತದೆ. ರೋಗವಲ್ಲ, ಗಿಡ ದುಡಿಯುತ್ತಿದೆ ಎಂಬ ಗುರುತು. ಆದರೆ ಇದೇ ನೀರಿನಲ್ಲಿ ಕಬೊಂಬಾ, ಪಾಚಿಗಿಡ ಜಾತಿಯ ಜಾವಾ ಮಾಸ್ ಸೊರಗುತ್ತವೆ, ಅವಕ್ಕೆ ಈ ವಿದ್ಯೆ ಬಾರದು.

ಗಡಸು ನೀರಿಗೆ ಹೆದರಿ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಮಂಡ್ಯದ ಗೆಳೆಯರೊಬ್ಬರ ಎರಡಡಿ ತೊಟ್ಟಿಯಲ್ಲಿ ರೊಟಾಲಾ ಕುಡಿಯೆಲ್ಲ ಮುರುಟಿಕೊಂಡಿತ್ತು, ಹೊಸ ಎಲೆ ಅರ್ಧ ಉಗುರಿನಷ್ಟೂ ಇಲ್ಲ. ಬಸವನಹುಳುಗಳ ಚಿಪ್ಪು ತುದಿಯಲ್ಲಿ ಬಿಳಿಯಾಗಿ ಸವೆದಿತ್ತು. ಅದನ್ನು ನೋಡಿಯೇ ಕೇಳಿದೆ, ಯಾವ ನೀರು ಅಂತ.

"ಅಣ್ಣ, ಶುದ್ಧ ನೀರಿನ ಘಟಕದಿಂದ ಕ್ಯಾನ್‌ನಲ್ಲಿ ತಂದು ತುಂಬ್ಸಿರೋದು. ಮನೇಲಿ ಮಕ್ಕಳು ಕುಡಿಯೋ ನೀರೇ ಕಣಣ್ಣ, ಇದಕ್ಕಿಂತ ಒಳ್ಳೇದು ಎಲ್ಲಿಂದ ತರ್ಲಿ?"

ಆ ಘಟಕಗಳ ಆರ್‌ಒ ಯಂತ್ರ ಸುಣ್ಣ, ಮೆಗ್ನೀಸಿಯಂ ಎರಡನ್ನೂ ಬಹುಪಾಲು ತೆಗೆದುಬಿಡುತ್ತದೆ. ಮನುಷ್ಯರು ರಾಗಿ, ಹಾಲು, ಸೊಪ್ಪಿನಲ್ಲಿ ಅದನ್ನು ಪಡೆಯುತ್ತಾರೆ, ಗಿಡಕ್ಕೆ ನೀರು ಬಿಟ್ಟರೆ ಗತಿಯಿಲ್ಲ. ಮನೆಯ ಹಿತ್ತಲಲ್ಲೇ ಬೋರ್ ಇತ್ತು. ಎರಡು ಪಾಲು ಕ್ಯಾನ್ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸಿ, ವಾರಕ್ಕೆ ಕಾಲುಭಾಗದಂತೆ ಬದಲಿಸುತ್ತಾ ಹೋದರು. ಒಂದೇ ದಿನ ಇಡೀ ನೀರು ಬದಲಿಸಿದ್ದರೆ ಮೀನಿಗೆ ಪೆಟ್ಟಾಗುತ್ತಿತ್ತು. ಆಮೇಲೆ ಬಂದ ಕುಡಿಗಳು ಚಪ್ಪಟೆಯಾಗಿ, ಅಗಲವಾಗಿ ಬಂದವು. ಖರ್ಚು ಏನೂ ಇಲ್ಲ, ಕ್ಯಾನ್ ಹೊರುವ ಕೆಲಸವೂ ಕಡಿಮೆಯಾಯಿತು.

ಮನೆಗೆಲ್ಲ ವಾಟರ್ ಸಾಫ್ಟನರ್ ಕೂಡಿಸಿದ್ದರೆ ಆ ನೀರು ಬೇಡ. ಅದು ಸುಣ್ಣವನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ. ನೊರೆ ಚೆನ್ನಾಗಿ ಬರುತ್ತದೆ, ಗಿಡ ಬರುವುದಿಲ್ಲ. ಸಾಫ್ಟನರ್‌ಗಿಂತ ಮುಂಚಿನ ನಲ್ಲಿಯಿಂದ ಹಿಡಿಯಿರಿ.

ತೊಟ್ಟಿಯ ಕಲ್ಲುಗಳನ್ನೂ ಒಮ್ಮೆ ಶಂಕಿಸಿ. ಬಿಳಿ ಮಾರ್ಬಲ್ ಚೂರು, ಹವಳದ ಕಲ್ಲು, ಸಮುದ್ರದ ಕಪ್ಪೆಚಿಪ್ಪು ನಿಧಾನವಾಗಿ ಕರಗಿ ಗಡಸುತನ ಏರಿಸುತ್ತಲೇ ಇರುತ್ತವೆ. ಕಲ್ಲನ್ನು ಒಣಗಿಸಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದೇ ಕಳ್ಳ. ನಲ್ಲಿ ನೀರು ಸೌಮ್ಯವಾಗಿದ್ದರೂ ತೊಟ್ಟಿ ನೀರು ಗಡಸು ತೋರಿಸುವ ಮನೆಗಳಲ್ಲಿ ಸಾಮಾನ್ಯವಾಗಿ ಇದೇ ಕಾರಣ.

ಲೈಟು

ಅಕ್ವೇರಿಯಂ ಇರುವುದು ಹಾಲ್‌ನಲ್ಲಿ. ಬೆಳಿಗ್ಗೆ ದೇವರ ದೀಪ ಹಚ್ಚುವಾಗ ಅದರ ಸ್ವಿಚ್ಚೂ ಆನ್, ರಾತ್ರಿ ಧಾರಾವಾಹಿ ಮುಗಿದು ಟಿವಿ ಆರಿಸಿದಾಗ ಆಫ್. ಲೆಕ್ಕ ಹಾಕಿದರೆ ಹದಿನಾಲ್ಕು ಹದಿನೈದು ಗಂಟೆ. ಅಷ್ಟು ಬೆಳಕನ್ನು ಬಳಸಿಕೊಳ್ಳುವಷ್ಟು ಇಂಗಾಲ, ಗೊಬ್ಬರ ಗಿಡಕ್ಕೆ ಸಿಗುವುದಿಲ್ಲ, ಪಾಚಿಗೆ ಮಾತ್ರ ಹಬ್ಬ. ಹೊಸ ತೊಟ್ಟಿಗೆ 6 ಗಂಟೆ, ಹಳೆಯದಕ್ಕೆ 8 ಗಂಟೆ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಟೈಮರ್ ಒಂದನ್ನು ಹಾಕಿಬಿಡಿ. ಸಂಜೆ ಮನೆಯವರೆಲ್ಲ ಇರುವಾಗ ನೋಡಬೇಕೆಂದರೆ ಮಧ್ಯಾಹ್ನ 2ರಿಂದ ರಾತ್ರಿ 9ರವರೆಗೆ ಇಡಿ. ನಡುವೆ ಕರೆಂಟ್ ಹೋದರೆ ಚಿಂತೆಯಿಲ್ಲ, ಆದರೆ ಕರೆಂಟ್ ಬಂದ ಮೇಲೆ ಹಳೆ ಮಾದರಿಯ ಮುಳ್ಳಿನ ಟೈಮರ್ ಹಿಂದೆ ಬಿದ್ದಿರುತ್ತದೆ, ಸರಿಪಡಿಸಿ.

ಬೆಳಕು ಕಡಿಮೆಯಾದರೆ ಲಕ್ಷಣ ಬೇರೆ. ಕಾಂಡ ಸಣಕಲಾಗಿ ಮೇಲಕ್ಕೆ ಓಡುತ್ತದೆ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಕೆಳಗಿನ ಎಲೆ ಉದುರಿ ಕಾಂಡ ಬೋಳಾಗುತ್ತದೆ. ಕೆಂಪು ಗಿಡ ಹಸಿರಿಗೆ ತಿರುಗುತ್ತದೆ. ತೊಟ್ಟಿ ಜೊತೆ ಬರುವ ನೀಲಿ ಬಣ್ಣದ ಎಲ್‌ಇಡಿ ಮೀನಿನ ಹೊಳಪು ತೋರಿಸಲು ಇರುವಂಥದ್ದು. 6500 ಕೆಲ್ವಿನ್ ಎಂದು ಬರೆದಿರುವ ಬಿಳಿ ಬೆಳಕು ಆರಿಸಿಕೊಳ್ಳಿ. ಪೂರ್ವದ ಕಿಟಕಿಯ ಬಿಸಿಲು ನೇರ ಬೀಳುವ ಜಾಗದಲ್ಲಿ ತೊಟ್ಟಿ ಇಟ್ಟರೆ ನೀರೇ ಹಸಿರಾಗುತ್ತದೆ. ಹಾಗಾದಾಗ ಪರದೆ ಹಾಕಿ, ಲೈಟ್ ಆರಿಸಿ, ಮೂರ್ನಾಲ್ಕು ದಿನ ದಪ್ಪ ಬಟ್ಟೆ ಮುಚ್ಚಿಡಿ, ಗಾಳಿಯ ಮೋಟರ್ ಮಾತ್ರ ಓಡುತ್ತಿರಲಿ.

ಇಂಗಾಲ

ಮುಳುಗಿದ ಗಿಡಕ್ಕೆ ನಿಜವಾದ ಬರ ಇದರದ್ದು. ಸಾಮಾನ್ಯ ತೊಟ್ಟಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಬೆರಳೆಣಿಕೆಯಷ್ಟು ಮಿಲಿಗ್ರಾಂ ಮಾತ್ರ, ಸಿಲಿಂಡರ್ ಇಟ್ಟವರು 20ರಿಂದ 30ಕ್ಕೆ ಏರಿಸುತ್ತಾರೆ. ಅಂದಮಾತ್ರಕ್ಕೆ ಎಲ್ಲರಿಗೂ ಸಿಲಿಂಡರ್ ಬೇಕಿಲ್ಲ. ಲೈಟು ಸೌಮ್ಯವಾಗಿಟ್ಟು ವ್ಯಾಲಿಸ್ನೇರಿಯಾ, ಕ್ರಿಪ್ಟೊ, ಅನೂಬಿಯಾಸ್ ಬೆಳೆಸುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಹಾಸುಗಿಡ, ಕೆಂಪುಗಿಡ ಬೇಕು ಅನ್ನುವವರಿಗಷ್ಟೇ ಇದು ಅನಿವಾರ್ಯ.

ಸಕ್ಕರೆ, ಈಸ್ಟ್ ಹಾಕಿದ ಸೋಡಾ ಬಾಟಲಿಯಿಂದ ಅನಿಲ ಬಿಡುವವರಿಗೆ ಒಂದು ಎಚ್ಚರಿಕೆ. ಮೊದಲ ಕೆಲವು ದಿನ ಗುಳ್ಳೆ ಜೋರು, ಆಮೇಲೆ ಕುಸಿತ. ಈ ಏರಿಳಿತದಲ್ಲೇ ಕಪ್ಪು ಗಡ್ಡದ ಪಾಚಿ ಅಂಟಿಕೊಳ್ಳುವುದು. ಎರಡು ಬಾಟಲಿ ಇಟ್ಟು ಒಂದು ವಾರದ ಅಂತರದಲ್ಲಿ ಬದಲಿಸುತ್ತಿದ್ದರೆ ಏರಿಳಿತ ತಗ್ಗುತ್ತದೆ. ನೀರಿನಲ್ಲಿ ಅನಿಲ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್‌ನ ದ್ರಾವಣ ನೀಲಿಯಿದ್ದರೆ ಅನಿಲ ಸಾಲದು, ಹಸಿರಾದರೆ ಸರಿ, ಹಳದಿಯಾದರೆ ಮೀನಿಗೆ ಅಪಾಯ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಬಣ್ಣ ನೋಡುತ್ತಾ ಕೂರಬೇಡಿ, ಅನಿಲ ನಿಲ್ಲಿಸಿ ಗಾಳಿ ಬಿಡಿ. ಲಿಕ್ವಿಡ್ ಕಾರ್ಬನ್ ಹೆಸರಿನ ಬಾಟಲಿಗಳಲ್ಲಿ ಹೆಚ್ಚಿನವು ಗ್ಲುಟರಾಲ್ಡಿಹೈಡ್. ಅದು ಪಾಚಿ ಕೊಲ್ಲುತ್ತದೆ, ಜೊತೆಗೆ ವ್ಯಾಲಿಸ್ನೇರಿಯಾವನ್ನೂ ಕರಗಿಸುತ್ತದೆ.

ಬೇಸಿಗೆ, ಉಪ್ಪು

ಏಪ್ರಿಲ್‌ನಲ್ಲಿ ಮಾತ್ರ ಗಿಡ ಕೆಟ್ಟರೆ ನೀರಿಗೆ ಥರ್ಮಾಮೀಟರ್ ಇಳಿಸಿ. 30 ಡಿಗ್ರಿ ದಾಟಿದರೆ ಮಾಸ್, ಕ್ರಿಪ್ಟೊ ಸೊರಗುತ್ತವೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಇಂಗಾಲವೂ ಕಡಿಮೆಯೇ ಕರಗುತ್ತವೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ಬೋರ್ ನೀರಿನಲ್ಲಿ ತುಂಬಿಸುತ್ತಾ ಹೋದರೆ ಬೇಸಿಗೆ ಮುಗಿಯುವಷ್ಟರಲ್ಲಿ ಗಡಸುತನ ಏರಿಬಿಟ್ಟಿರುತ್ತದೆ. ಕ್ಯಾನ್ ನೀರು ಸರಿಯಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಎರಡು ಮೂರು ದಿನದೊಳಗೆ ಎಲ್ಲ ಗಿಡವೂ ಒಟ್ಟಿಗೆ ಕರಗಿದರೆ ಅದು ಕೊರತೆಯಲ್ಲ, ವಿಷ. ಕೊರತೆ ಇಷ್ಟು ಬೇಗ ಕೊಲ್ಲುವುದಿಲ್ಲ. ಮೀನಿಗೆ ಬಿಳಿ ಚುಕ್ಕೆ ಬಂತೆಂದು ಮನೆಯವರು ಯಾರಾದರೂ ಕಲ್ಲುಪ್ಪು ಹಾಕಿದರೇ, ತಾಮ್ರದ ಅಂಶವಿರುವ ಔಷಧಿ ಬಿತ್ತೇ ಎಂದು ವಿಚಾರಿಸಿ. ಅರ್ಧ ನೀರು ಬದಲಿಸಿ, ಮರುದಿನ ಇನ್ನೊಮ್ಮೆ ಬದಲಿಸಿ. ಮುಂದೆ ಮೀನಿಗೆ ಔಷಧಿ ಕೊಡುವುದನ್ನು ಬೇರೆ ಬಕೆಟ್ಟಿನಲ್ಲಿ ಮಾಡಿ.

ಕೊನೆಗೂ ಗೊಬ್ಬರ

ತೇಲುವ ಗಿಡವೂ ಹಳದಿಯಾಯಿತು, ನೀರು, ಲೈಟು ಸರಿಯಿದೆ ಅಂದಾಗ ಗೊಬ್ಬರಕ್ಕೆ ಬನ್ನಿ. ಇದಕ್ಕೆ ಅಕ್ವೇರಿಯಂ ಅಂಗಡಿಗಿಂತ ರಸಗೊಬ್ಬರದ ಅಂಗಡಿ ವಾಸಿ. ಡ್ರಿಪ್‌ಗೆ ಬಿಡುವ, ನೀರಿನಲ್ಲಿ ಪೂರ್ತಿ ಕರಗುವ 13-0-45 (ಈ ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ನ ಪಾಲು) ಅಂದರೆ ಪೊಟ್ಯಾಸಿಯಂ ನೈಟ್ರೇಟ್. 0-52-34 ಅಂದರೆ ಮೊನೊ ಪೊಟ್ಯಾಸಿಯಂ ಫಾಸ್ಫೇಟ್. ಕಿಲೋ ಪ್ಯಾಕೆಟ್ ತಂದರೆ ಮನೆ ಬಳಕೆಗೆ ವರ್ಷಗಟ್ಟಲೆ ಬರುತ್ತದೆ, ನಾಲ್ಕು ಜನ ಹಂಚಿಕೊಳ್ಳುವುದು ಒಳ್ಳೆಯದು.

ಅಲ್ಲಿ ಹೆಚ್ಚು ಓಡುವ ಸರಕು 19-19-19. ಅದನ್ನು ಮನೆಗೆ ತರಲೇಬೇಡಿ. ಅದರ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ ಮತ್ತು ಅಮೋನಿಯಂ ರೂಪದ್ದು. ಯೂರಿಯಾ, ಡಿಎಪಿ ಕೂಡ ಹಾಗೆಯೇ. ತೊಟ್ಟಿಯಲ್ಲಿ ಅದು ಅಮೋನಿಯಾ ಆಗಿ ಮೀನನ್ನು ಕೊಲ್ಲುತ್ತದೆ. ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ) 8ರ ಹತ್ತಿರವಿರುವ ಬೋರ್ ನೀರಿನಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಅಮೋನಿಯಾದ ವಿಷ ಇನ್ನೂ ತೀಕ್ಷ್ಣ. ಪ್ಯಾಕೆಟ್ ಮೇಲೆ ಸಾರಜನಕ ಪೂರ್ತಿ ನೈಟ್ರೇಟ್ ರೂಪದ್ದು ಎಂದು ಬರೆದಿದೆಯೇ ನೋಡಿ ತೆಗೆದುಕೊಳ್ಳಿ.

ಅಳತೆ ಹೀಗೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಲೆಕ್ಕಕ್ಕೆ ಸುಮಾರು 57 ಲೀಟರ್, ಕಲ್ಲು ಮರಳು ಕಳೆದರೆ ನೀರು ಸುಮಾರು 45 ಲೀಟರ್. ಅರ್ಧ ಲೀಟರ್ ಆರ್‌ಒ ನೀರಿಗೆ 20 ಗ್ರಾಂ 13-0-45, 2 ಗ್ರಾಂ 0-52-34 ಹಾಕಿ ಕರಗಿಸಿಟ್ಟುಕೊಳ್ಳಿ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು, ಚಮಚದ ಲೆಕ್ಕ ಬೇಡ. ಇದರ 10 ಮಿಲಿಲೀಟರ್ 45 ಲೀಟರಿಗೆ ಹಾಕಿದರೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ನೈಟ್ರೇಟ್, 3.5 ಮಿಲಿಗ್ರಾಂ ಪೊಟ್ಯಾಶ್, ಅರ್ಧ ಮಿಲಿಗ್ರಾಮಿಗಿಂತ ತುಸು ಹೆಚ್ಚು ಫಾಸ್ಫೇಟ್ ಸೇರುತ್ತದೆ. ಸಿಲಿಂಡರ್ ಇಲ್ಲದ ತೊಟ್ಟಿಗೆ ವಾರಕ್ಕೊಮ್ಮೆ, ಕಾಲುಭಾಗ ನೀರು ಬದಲಿಸಿದ ಮೇಲೆ ಹಾಕಿದರೆ ಸಾಕು. ಮೀನು ಜಾಸ್ತಿಯಿದ್ದು ದಿನಾ ಎರಡು ಹೊತ್ತು ಊಟ ಹಾಕುವವರಲ್ಲಿ ನೈಟ್ರೇಟ್ ಆಗಲೇ ತುಂಬಿರುತ್ತದೆ. ಅವರಿಗೆ ಇದು ಬೇಡ, ಪೊಟ್ಯಾಶ್ ಒಂದೇ ಸಾಲದಿದ್ದರೆ 0-0-50 ಪೊಟ್ಯಾಸಿಯಂ ಸಲ್ಫೇಟ್ ನೋಡಿ. ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಕಬ್ಬಿಣದ ಕೊರತೆಗೆ ನಮ್ಮಲ್ಲಿ ಒಂದು ಸೂಕ್ಷ್ಮವಿದೆ. ಕಬ್ಬಿಣ ನೀರಿನಲ್ಲಿ ಕರಗಿಯೇ ಇರಲೆಂದು ಅದನ್ನು ಒಂದು ರಾಸಾಯನಿಕದ ಹಿಡಿತದಲ್ಲಿಟ್ಟು ಮಾರುತ್ತಾರೆ. ಅಗ್ಗಕ್ಕೆ ಸಿಗುವ ಇಡಿಟಿಎ ಕಬ್ಬಿಣ ಪಿಎಚ್ ಆರೂವರೆ ದಾಟಿದರೆ ಬೇಗ ಬಿಟ್ಟುಕೊಂಡು ತುಕ್ಕಾಗಿ ತಳಕ್ಕೆ ಕೂರುತ್ತದೆ. ಬೋರ್ ನೀರಿನವರು ಎಷ್ಟು ಹಾಕಿದರೂ ಕುಡಿ ಬಿಳಿಚೇ ಇರುವುದು ಅದಕ್ಕೇ. ಡಿಟಿಪಿಎ ಕಬ್ಬಿಣ ಏಳೂವರೆಯವರೆಗೆ ತಡೆಯುತ್ತದೆ. ಅದಕ್ಕಿಂತ ಮೇಲೆ ಇಡಿಡಿಎಚ್‌ಎ, ಆದರೆ ಅದು ನೀರನ್ನು ಕೆಂಪು ಮಾಡುತ್ತದೆ. ಕಬ್ಬಿಣವನ್ನು ಫಾಸ್ಫೇಟ್ ಇರುವ ಬಾಟಲಿಗೆ ಬೆರೆಸಬೇಡಿ, ಬೇರೆ ದಿನ ಹಾಕಿ.

ವ್ಯಾಲಿಸ್ನೇರಿಯಾ, ಕ್ರಿಪ್ಟೊ, ಅಮೆಜಾನ್ ಸ್ವೋರ್ಡ್ ಬೇರಿನಿಂದ ಹೆಚ್ಚು ಉಣ್ಣುವ ಗಿಡಗಳು. ಬರೀ ಬಣ್ಣದ ಕಲ್ಲಿನಲ್ಲಿ ನೆಟ್ಟಿದ್ದರೆ ನೀರಿಗೆ ಹಾಕಿದ ಗೊಬ್ಬರದಿಂದ ಅವುಗಳ ಹೊಟ್ಟೆ ಸರಿಯಾಗಿ ತುಂಬದು. ಬುಡದಲ್ಲಿ ರೂಟ್ ಟ್ಯಾಬ್ ಅಂದರೆ ಗೊಬ್ಬರದ ಗುಳಿಗೆ ಹೂಳಿ.

ಪಾಚಿ ನೋಡಿ ತಿಳಿಯುವುದು

ಹೊಸ ತೊಟ್ಟಿಯ ಗಾಜಿಗೆ ಅಂಟುವ ಕಂದು ಪುಡಿ ಕೆಲವು ವಾರದಲ್ಲಿ ತಾನಾಗಿ ಹೋಗುತ್ತದೆ. ಗಾಜು, ಅನೂಬಿಯಾಸ್ ಎಲೆಯ ಮೇಲೆ ಕೆರೆದರೂ ಬಿಡದ ಹಸಿರು ಚುಕ್ಕೆ ಬಂದರೆ ಬೆಳಕು ಜಾಸ್ತಿ, ಫಾಸ್ಫೇಟ್ ಕಡಿಮೆ. ಕಪ್ಪು ಗಡ್ಡ ಅಂದರೆ ಇಂಗಾಲದ ಏರಿಳಿತ ಅಥವಾ ಫಿಲ್ಟರ್ ತೊಳೆಯದೆ ಕಸ ತುಂಬಿದೆ. ನೀಲಿಹಸಿರು ಪದರ ಚರ್ಮದ ಹಾಗೆ ಒಟ್ಟಿಗೆ ಎದ್ದು ಬಂದು ಕೊಚ್ಚೆ ವಾಸನೆ ಹೊಡೆದರೆ ಅದು ಸಯನೋಬ್ಯಾಕ್ಟೀರಿಯಾ. ಕೈಯಿಂದ ತೆಗೆದು, ನೀರಿನ ಹರಿವು ಹೆಚ್ಚಿಸಿ, ಮೂರ್ನಾಲ್ಕು ದಿನ ಕತ್ತಲು ಮಾಡಿ.

ಇಷ್ಟಾದರೂ ನಿಲ್ಲದಿದ್ದರೆ

ಗಿಡ ಬದಲಿಸಿ. ಗಡಸು ನೀರಿಗೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹೈಗ್ರೊಫಿಲಾ, ನೀರುಬ್ರಾಹ್ಮಿಯನ್ನು ಮೀರಿದ ಗಿಡಗಳಿಲ್ಲ. ಎಲ್ಲವೂ ನಮ್ಮ ಕೆರೆ, ಕಾಲುವೆಗಳವೇ. ಆದರೆ ನಾಲೆಯ ಪಕ್ಕ ಕಂಡ ಹೈಡ್ರಿಲ್ಲಾವನ್ನು ಹಾಗೆಯೇ ಕಿತ್ತು ತೊಟ್ಟಿಗೆ ಹಾಕಬೇಡಿ. ಪಕ್ಕದ ಭತ್ತದ ಗದ್ದೆಗೆ ಹೊಡೆದ ಕೀಟನಾಶಕ ಅಂಟಿರಬಹುದು. ಜಿಗಣೆ ಇರಬಹುದು, ಮೀನಿನ ಮರಿ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಹುಳು ಇರಬಹುದು. ನೀರು ತಿಳಿ ಗುಲಾಬಿಯಾಗುವಷ್ಟು ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹಾಕಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು, ಬೇರೆ ಬಕೆಟ್ಟಿನಲ್ಲಿ ಒಂದೆರಡು ವಾರ ನೀರು ಬದಲಿಸುತ್ತಾ ಇಡಿ. ಆ ಬಕೆಟ್ಟಿಗೆ ಒಂದೆರಡು ಸಣ್ಣ ಬಸವನಹುಳು ಬಿಟ್ಟು ನೋಡಿ, ಅವು ಓಡಾಡಿಕೊಂಡಿದ್ದರೆ ಗಿಡ ತೊಟ್ಟಿಗಿಳಿಸಬಹುದು. ಕತ್ತರಿಸಿ ಉಳಿದ ಗಿಡವನ್ನು ಕುಕ್ಕರಹಳ್ಳಿ ಕೆರೆಗೋ ವಿಶ್ವೇಶ್ವರಯ್ಯ ನಾಲೆಗೋ ಎಸೆಯಬೇಡಿ, ಅದರಲ್ಲೂ ಕಬೊಂಬಾ, ಸಾಲ್ವಿನಿಯಾದಂಥ ಹೊರಗಿನ ಜಾತಿಯವನ್ನು. ತಾರಸಿ ಮೇಲೆ ಒಣಗಿಸಿ ಗುಲಾಬಿ ಕುಂಡದ ಬುಡಕ್ಕೆ ಹಾಕಿ.